ಚೀಟಿ ಬೇಗ ಬರಲಿ, ನಿಜವೂ ಆಗಿರಲಿ

‘ಭೂಮಿ’ ಯೋಜನೆ ಬಂದು ಕಾಲು ಶತಮಾನವಾಯಿತು. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ನಡೆಯಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಡೇಟಾಬೇಸ್ ಸೇರಿದವು. ತಂತ್ರಾಂಶ ಬರೆದವರು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು (ಎನ್‌ಐಸಿ). ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ತಾಲ್ಲೂಕು ಕಚೇರಿಗಳಲ್ಲೂ ಕಿಟಕಿ ತೆರೆಯಿತು. ಸರ್ವೆ ನಂಬರ್ ಹೇಳಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಒಂದು ಹಾಳೆಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದ ರೈತನಿಗೆ ಅದು ದೊಡ್ಡ ಬಿಡುಗಡೆ.

ಆವತ್ತಿನಿಂದ ನಮ್ಮ ಹಳ್ಳಿಗಳ ಬದುಕು ಡೇಟಾಬೇಸುಗಳ ಮೇಲೆ ನಿಂತಿದೆ. ಬೆಳೆ ಸಾಲಕ್ಕೆ ಪಹಣಿ, ಪಡಿತರಕ್ಕೆ ಬೆರಳಚ್ಚು, ಡೈರಿಯಲ್ಲಿ ಹಾಲಿನ ಚೀಟಿ, ಸೊಸೈಟಿಯಲ್ಲಿ ಸಾಲದ ಖಾತೆ, ಎಲ್ಲವೂ ಅಲ್ಲಿಂದಲೇ ಬರಬೇಕು. ಅದು ತಡವಾದಾಗ ನಾವೆಲ್ಲ ಹೇಳುವುದು ಒಂದೇ ಮಾತು: ‘ಸರ್ವರ್ ಸ್ಲೋ’. ಹೀಗಂದ ಕೂಡಲೇ ಯಾರಾದರೊಬ್ಬರು ಹೊಸ ಕಂಪ್ಯೂಟರ್ ತರಿಸುವ ಸಲಹೆ ಕೊಡುತ್ತಾರೆ.

ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕಸುಬು. ಬಹಳ ವರ್ಷ ಬೆಂಗಳೂರಿನಲ್ಲಿ ದುಡಿದು ಈಗ ಶ್ರೀರಂಗಪಟ್ಟಣದ ಗಂಜಾಂನಲ್ಲಿದ್ದೇನೆ. ಸುತ್ತಲಿನ ಈ ನಾಲ್ಕು ತಾಲ್ಲೂಕುಗಳ ಕೆಲವು ಹಾಲಿನ ಡೈರಿ ಮತ್ತು ಪತ್ತಿನ ಸಂಘಗಳ ಲೆಕ್ಕದ ತಂತ್ರಾಂಶ ಕೈಕೊಟ್ಟಾಗ ನನ್ನನ್ನು ಕರೆಯುತ್ತಾರೆ. ಇಷ್ಟು ಕಾಲದ ಅನುಭವದಲ್ಲಿ ನನಗೆ ಖಾತ್ರಿಯಾಗಿರುವುದು ಇದು: ಕಂಪ್ಯೂಟರು ಕೂಡಿ ಕಳೆಯುವುದರಲ್ಲಿ ಹಿಂದೆ ಬೀಳುವುದು ಅಪರೂಪ. ಅದು ಹಿಂದೆ ಬೀಳುವುದು ಬೇಕಾದ ಮಾಹಿತಿಯನ್ನು ಡಿಸ್ಕಿನಿಂದ ಮೆಮೊರಿಗೆ ತರುವಾಗ, ಮೆಮೊರಿಯಲ್ಲಿ ಬದಲಾದದ್ದನ್ನು ಮತ್ತೆ ಡಿಸ್ಕಿಗೆ ಮುಟ್ಟಿಸುವಾಗ. ಈ ಓಡಾಟವನ್ನು ಹೇಗೆ ಚುರುಕು ಮಾಡುತ್ತಾರೆ, ಯಾವ ಚುರುಕು ಒಳ್ಳೆಯದು, ಯಾವುದು ಮೋಸ ಎಂಬುದನ್ನು ಚೀಟಿ ಹಿಡಿದು ನಿಲ್ಲುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂಬುದು ನನ್ನ ಆಸೆ.

ರೆಕಾರ್ಡ್ ರೂಮು, ಮೇಜು

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ನೋಡಿದವರಿಗೆ ಈ ವಿಷಯ ಅರ್ಧ ಗೊತ್ತಿದ್ದಂತೆಯೇ. ಗೋಡೆಯುದ್ದಕ್ಕೂ ರ್‍ಯಾಕು, ರ್‍ಯಾಕಿನ ತುಂಬ ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳು. ಗುಮಾಸ್ತರ ಮೇಜು ಇರುವುದು ಹೊರಗಿನ ಕೋಣೆಯಲ್ಲಿ. ನಿಮಗೆ ಒಂದೇ ಒಂದು ಹಾಳೆಯ ನಕಲು ಬೇಕಿದ್ದರೂ ಒಳಗೆ ಹೋಗಿ ಇಡೀ ಕಟ್ಟನ್ನೇ ತರಬೇಕು. ಬಿಚ್ಚಿ, ನೋಡಿ, ತಿದ್ದುವುದಿದ್ದರೆ ತಿದ್ದಿ, ಮತ್ತೆ ಕಟ್ಟಿ ಒಳಗಿಡಬೇಕು. ಮೇಜಿನ ಮೇಲೆ ಹಿಡಿಸುವುದು ಕೆಲವೇ ಕಟ್ಟು.

ಡೇಟಾಬೇಸಿನಲ್ಲಿ ರೆಕಾರ್ಡ್ ರೂಮೆಂದರೆ ಡಿಸ್ಕು, ಮೇಜೆಂದರೆ ಮೆಮೊರಿ. ಡಿಸ್ಕಿನಲ್ಲಿರುವುದು ಕರೆಂಟು ಹೋದರೂ ಉಳಿಯುತ್ತದೆ, ಮೆಮೊರಿಯಲ್ಲಿರುವುದು ಅಳಿಸಿಹೋಗುತ್ತದೆ. ಪ್ರೊಸೆಸರು ಮಾತ್ರ ಮೆಮೊರಿಯಲ್ಲಿರುವುದನ್ನಷ್ಟೇ ಓದಬಲ್ಲದು. ಕಟ್ಟಿಗೆ ಇಲ್ಲಿ ಪೇಜು ಅನ್ನುತ್ತಾರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಂದು ಪೇಜು 8 ಕಿಲೋಬೈಟು, ಮೈಎಸ್‌ಕ್ಯುಎಲ್‌ನಲ್ಲಿ ಸಾಮಾನ್ಯವಾಗಿ 16 ಕಿಲೋಬೈಟು. ಹಾಲಿನ ಒಂದು ಚೀಟಿಯ ಮಾಹಿತಿಗೆ ಎಲ್ಲ ಸೇರಿ 100 ಬೈಟ್ ಬೇಕೆಂದು ಇಟ್ಟುಕೊಂಡರೆ 8 ಕಿಲೋಬೈಟಿನ ಪೇಜಿನಲ್ಲಿ ಸುಮಾರು 80 ಚೀಟಿ ಕೂರುತ್ತವೆ. ನಿಮಗೆ ಬೇಕಾದದ್ದು ಒಂದೇ ಚೀಟಿಯಾದರೂ 80 ಚೀಟಿಗಳ ಪೇಜು ಪೂರಾ ಮೇಲೆ ಬರುತ್ತದೆ.

ಒಂದು ಪೇಜು ತರಲು ಎಷ್ಟು ಹೊತ್ತು? ನಮ್ಮ ಸಂಘಗಳಲ್ಲಿ ಇನ್ನೂ ಉಳಿದಿರುವ ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಸರಿದು ಸರಿಯಾದ ಪಥಕ್ಕೆ ಹೋಗಲು ಇನ್ನೊಂದು 8 ಮಿಲಿಸೆಕೆಂಡು. ಒಟ್ಟು 12. ಮೆಮೊರಿಯಿಂದ ಓದಲು ಬೇಕಾಗುವುದು ಸುಮಾರು 100 ನ್ಯಾನೋಸೆಕೆಂಡು. ಎರಡರ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು ಅಂತರವಿದೆ. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಸುಮಾರು 100 ಮೈಕ್ರೋಸೆಕೆಂಡಿಗೆ ಪೇಜು ಬರುತ್ತದೆ. ಹಾರ್ಡ್ ಡಿಸ್ಕಿಗಿಂತ ನೂರು ಪಟ್ಟಿಗೂ ಹೆಚ್ಚು ವೇಗ, ಆದರೂ ಮೆಮೊರಿಗಿಂತ ಸಾವಿರ ಪಟ್ಟು ನಿಧಾನ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಲ್ಲೊಂದು ಇಲ್ಲೊಂದು ಇರುವ ಪೇಜುಗಳನ್ನು ತರುವಾಗ ಹಾರ್ಡ್ ಡಿಸ್ಕು ಸೆಕೆಂಡಿಗೆ 80 ಪೇಜು ಕೊಟ್ಟರೆ ಹೆಚ್ಚು. ಅದು 640 ಕಿಲೋಬೈಟು ಮಾತ್ರ. ಅದೇ ಡಿಸ್ಕು ಸಾಲಾಗಿ ಒಂದರ ಪಕ್ಕ ಒಂದಿರುವ ಪೇಜುಗಳನ್ನು ಓದುತ್ತ ಹೋದರೆ ಸೆಕೆಂಡಿಗೆ 150 ಮೆಗಾಬೈಟಿನಷ್ಟು ಕೊಡುತ್ತದೆ. ಯಂತ್ರ ಅದೇ, ಕೆಲಸ ಇನ್ನೂರು ಪಟ್ಟಿಗೂ ಹೆಚ್ಚು. ಕ್ರಮಕ್ಕೆ ಇಷ್ಟು ಬೆಲೆಯಿದೆ. ಡೇಟಾಬೇಸ್ ಕಟ್ಟುವವರು ಅರ್ಧ ಶತಮಾನದಿಂದ ಮಾಡಿಕೊಂಡು ಬಂದದ್ದೆಲ್ಲ ಈ ಲೆಕ್ಕದ ಸುತ್ತಲೇ: ಕಡಿಮೆ ಸಲ ತರುವುದು, ತಂದದ್ದನ್ನು ಉಳಿಸಿಕೊಳ್ಳುವುದು, ತರುವಾಗ ಸಾಲಾಗಿ ತರುವುದು.

ಮೇಜಿನ ಮೇಲೆ ಯಾವುದಿರಬೇಕು?

ಮೇಜಿನ ಗಾತ್ರ ಸೀಮಿತ. ಹಾಗಾದರೆ ಯಾವ ಪೇಜನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ವಾಪಸು ಕಳಿಸಬೇಕು? 1987ರಲ್ಲಿ ಡೇಟಾಬೇಸ್ ತಜ್ಞರಾದ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು ಇದಕ್ಕೊಂದು ಲೆಕ್ಕ ಕೊಟ್ಟರು. ಮೆಮೊರಿಗೆ ಆಗುವ ಖರ್ಚು, ಡಿಸ್ಕಿಗೆ ಪದೇಪದೇ ಹೋಗಿ ಬರಲು ಆಗುವ ಖರ್ಚು, ಎರಡನ್ನೂ ರೂಪಾಯಿ ಪೈಸೆಯಂತೆ ತೂಗಿ ನೋಡಿದರು. ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪೇಜು ಮೆಮೊರಿಯಲ್ಲೇ ಇದ್ದರೆ ಅಗ್ಗ, ಅದಕ್ಕಿಂತ ಅಪರೂಪಕ್ಕೆ ಬೇಕಾಗುವುದನ್ನು ಡಿಸ್ಕಿಗೆ ಬಿಡಬಹುದು ಎಂಬ ತೀರ್ಮಾನಕ್ಕೆ ಬಂದರು. ಈ ‘ಐದು ನಿಮಿಷದ ನಿಯಮ’ವನ್ನು ಬೆಲೆಗಳು ಬದಲಾದಂತೆ ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದ್ದಾರೆ. ಉತ್ತರದ ಅಂಕಿ ಬದಲಾಗಬಹುದು, ಕೇಳುವ ಪ್ರಶ್ನೆ ಬದಲಾಗಿಲ್ಲ. ಗ್ರೇ ಅವರಿಗೆ 1998ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ಮುಂಗಾರಿಗೆ ಮೊದಲು ಬೆಳೆ ಸಾಲದ ಕಾಲ ಬಂದಾಗ ಪಹಣಿಯ ಕಿಟಕಿಯಲ್ಲಿ ಏನಾಗುತ್ತದೆ ನೋಡಿ. ಒಂದೇ ಊರಿನ ಜನ ಒಟ್ಟಿಗೆ ಬರುತ್ತಾರೆ. ಒಬ್ಬರ ಸರ್ವೆ ನಂಬರಿನ ಪೇಜು ಮೇಲೆ ಬಂದರೆ ಅಕ್ಕಪಕ್ಕದವರದೂ ಅದರಲ್ಲೇ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಮುಂದಿನವರಿಗಾಗಿ ಡಿಸ್ಕಿಗೆ ಹೋಗುವ ಕೆಲಸ ತಪ್ಪುತ್ತದೆ. ಈಚೆಗೆ ಬಳಸಿದ್ದನ್ನು ಉಳಿಸಿಕೊಂಡು ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ಕಳಿಸಿಬಿಡುವ ಪದ್ಧತಿ ಇಂಥಲ್ಲಿ ಚೆನ್ನಾಗಿ ಒಪ್ಪುತ್ತದೆ.

ಆದರೆ ಮಧ್ಯಾಹ್ನ ಮೇಲಿನವರು ಫೋನು ಮಾಡಿ ಇಡೀ ತಾಲ್ಲೂಕಿನ ಬೆಳೆವಾರು ವರದಿ ಕೇಳಿದರು ಎನ್ನಿ. ಆ ವರದಿಗೆ ಎಲ್ಲ ಊರುಗಳ ಎಲ್ಲ ಪೇಜುಗಳೂ ಒಮ್ಮೆ ಮೇಲೆ ಬರಬೇಕು. ‘ಈಚೆಗೆ ಬಳಸಿದ್ದು’ ಎಂಬ ಒಂದೇ ಅಳತೆ ಹಿಡಿದರೆ ಒಮ್ಮೆ ಮಾತ್ರ ಬೇಕಾದ ಈ ಪೇಜುಗಳು ದಿನವಿಡೀ ಬೇಕಾದವನ್ನೆಲ್ಲ ಆಚೆ ತಳ್ಳುತ್ತವೆ. ವರದಿ ಮುಗಿದ ಮೇಲೂ ಕಿಟಕಿಯಲ್ಲಿ ನಿಂತವರು ಕಾಯುವುದು ತಪ್ಪುವುದಿಲ್ಲ. ಇದನ್ನು ತಡೆಯಲು ಪೋಸ್ಟ್‌ಗ್ರೆಸ್ ದೊಡ್ಡ ಓದುಗಳಿಗೆ ಒಂದು ಚಿಕ್ಕ ಜಾಗ ಬಿಟ್ಟುಕೊಟ್ಟು, ಅಷ್ಟರಲ್ಲೇ ತಂದು ಅಷ್ಟರಲ್ಲೇ ಬಿಡು ಅನ್ನುತ್ತದೆ. ಮೈಎಸ್‌ಕ್ಯುಎಲ್ ಹೊಸದಾಗಿ ಬಂದ ಪೇಜನ್ನು ಮೊದಲ ಸಾಲಿಗೆ ಸೇರಿಸದೆ ನಡುವಿನಲ್ಲಿ ಇಟ್ಟು, ಮತ್ತೆ ಕರೆ ಬಂದರೆ ಮಾತ್ರ ಮುಂದಕ್ಕೆ ಬಿಡುತ್ತದೆ.

ಬೇರೆ ತಂತ್ರಾಂಶಗಳಿಗೆ ಯಾವ ಪೇಜು ಮೆಮೊರಿಯಲ್ಲಿರಬೇಕೆಂದು ಆರಿಸುವ ಈ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ಮೇ ಮಾಡಿಕೊಡುತ್ತದೆ. ಡೇಟಾಬೇಸಿಗೆ ಅದು ಸಾಲದು ಎಂದು ಕಂಪ್ಯೂಟರ್ ವಿಜ್ಞಾನಿ ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲೇ ಬರೆದರು. ಮುಂದೆ ಯಾವ ಪೇಜು ಬೇಕಾಗುತ್ತದೆ, ಯಾವುದನ್ನು ಯಾವುದಕ್ಕಿಂತ ಮೊದಲು ಡಿಸ್ಕಿಗೆ ಬರೆಯಬೇಕು ಎಂಬುದು ಗೊತ್ತಿರುವುದು ಡೇಟಾಬೇಸಿಗೆ ಮಾತ್ರ. ಹಾಗಾಗಿ ದೊಡ್ಡ ಡೇಟಾಬೇಸುಗಳೆಲ್ಲ ಮೆಮೊರಿಯಲ್ಲಿ ತಮ್ಮದೇ ಆದ ಮೇಜು, ಅಂದರೆ ಬಫರ್, ಇಟ್ಟುಕೊಳ್ಳುತ್ತವೆ. ನಮ್ಮ ಕಡೆ ನಾನು ಕಂಡ ಬಹುಪಾಲು ಕಂಪ್ಯೂಟರುಗಳಲ್ಲಿ ಈ ಬಫರಿನ ಗಾತ್ರವನ್ನು ಯಾರೂ ಮುಟ್ಟಿರುವುದಿಲ್ಲ. ಪೋಸ್ಟ್‌ಗ್ರೆಸ್ಸೂ ಮೈಎಸ್‌ಕ್ಯುಎಲ್ಲೂ ಹಾಕಿಕೊಂಡಾಗ ಬರುವ ಗಾತ್ರ 128 ಮೆಗಾಬೈಟು. ಕಂಪ್ಯೂಟರಿನಲ್ಲಿ 8 ಗಿಗಾಬೈಟ್ ಮೆಮೊರಿ ಖಾಲಿ ಬಿದ್ದಿರುತ್ತದೆ, ಡೇಟಾಬೇಸು ತನಗೆ ಕೊಟ್ಟ ಮೂಲೆಯಲ್ಲೇ ಹೊರಳಾಡುತ್ತಿರುತ್ತದೆ.

ಹಾಲು ಸುರಿಯಲು ಒಂದು ನಿಮಿಷ

ಪಾಂಡವಪುರ ತಾಲ್ಲೂಕಿನ ಒಂದು ಊರಿನ ಡೈರಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಬೆಳಗಿನ ಆರೂವರೆಗೆ ಹೋದಾಗ ಸಾಲು ರಸ್ತೆಗೆ ಬಂದಿತ್ತು. ಸ್ಟೀಲ್ ಕ್ಯಾನು ಹಿಡಿದ ಅಜ್ಜಿಯೊಬ್ಬರು ಹಾಲು ಸುರಿದು ಚೀಟಿಗೆ ಕೈಯೊಡ್ಡಿ ನಿಂತಿದ್ದರು.

“ಮಗ, ಬೇಗ ಕೊಡ್ಲಾ. ಕರೀನ ಕಟ್ಟಾಕ್ದೆ ಬಂದಿವ್ನಿ.”

“ತಡಿ ಅವ್ವ, ಸಿಸ್ಟಮ್ಮು ತಿರುಗ್ತಾ ಅದೆ” ಅಂದರು ಕಾರ್ಯದರ್ಶಿ. ಆಮೇಲೆ ನನ್ನ ಕಡೆ ತಿರುಗಿ, “ನೋಡಿ ಸಾರ್, ಹಾಲು ಸುರಿಯಕೆ ಒಂದ್ ನಿಮಿಷ ಬ್ಯಾಡ, ಚೀಟಿ ಬರಕೆ ಈ ಪಾಟಿ ಹೊತ್ತು. ಹೊಸ ಕಂಪ್ಯೂಟ್ರು ತಕ್ಕೊಳದೇ ಸೈ ಅಂತ ಕಮಿಟಿಯವರು ಅಂತಾವ್ರೆ” ಅಂದರು.

ಚೀಟಿ ನೋಡಿದೆ. ಸದಸ್ಯರ ನಂಬರು, ತಾರೀಖು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರು, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಎಲ್ಲಕ್ಕಿಂತ ಕೆಳಗೆ ‘ಈ ಬಟವಾಡೆಗೆ ಇಲ್ಲಿಯವರೆಗೆ ಒಟ್ಟು’ ಎಂಬ ಸಾಲು. ತೊಂದರೆ ಇದ್ದದ್ದು ಆ ಕೊನೆಯ ಸಾಲಿನಲ್ಲಿ. ಒಬ್ಬ ಸದಸ್ಯರ ಹತ್ತು ದಿನದ ಒಟ್ಟು ಹೇಳಲು ಆ ತಂತ್ರಾಂಶ ಸಂಘದ ಅಷ್ಟೂ ವರ್ಷಗಳ ಎಲ್ಲ ಸದಸ್ಯರ ಎಲ್ಲ ಚೀಟಿಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. 200 ಸದಸ್ಯರು, ದಿನಕ್ಕೆ ಎರಡು ಹೊತ್ತು, ನಾಲ್ಕು ವರ್ಷವೆಂದರೆ ಸುಮಾರು 6 ಲಕ್ಷ ಚೀಟಿ, 60 ಮೆಗಾಬೈಟಿನಷ್ಟು ಮಾಹಿತಿ. ಹಳೆಯ ಡಿಸ್ಕು, 2 ಗಿಗಾಬೈಟ್ ಮೆಮೊರಿ, ಅದರಲ್ಲಿ ಹೆಚ್ಚಿನದನ್ನು ಬೇರೆ ತಂತ್ರಾಂಶಗಳು ನುಂಗಿದ್ದವು. ಒಬ್ಬೊಬ್ಬರು ಹಾಲು ಹಾಕಿದಾಗಲೂ ಅಲ್ಲಲ್ಲಿ ಚದುರಿದ್ದ ಈ 60 ಮೆಗಾಬೈಟು ಡಿಸ್ಕಿನಿಂದ ಮೇಲೆ ಬಂದು ಕೆಳಗಿಳಿಯುತ್ತಿತ್ತು.

ಸದಸ್ಯರ ನಂಬರು ಮತ್ತು ತಾರೀಖಿನ ಮೇಲೆ ಒಂದು ಇಂಡೆಕ್ಸ್ ಕಟ್ಟಿದೆ. ಇದನ್ನು ಬಿ-ಟ್ರೀ ಅನ್ನುತ್ತಾರೆ. 1970ರ ದಶಕದ ಮೊದಲಲ್ಲಿ ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದ್ದು. ಒಂದು ಪೇಜಿನಲ್ಲಿ ನೂರಾರು ವಿಳಾಸಗಳಿರುತ್ತವೆ, ಪ್ರತಿ ವಿಳಾಸವೂ ಕೆಳಗಿನ ಹಂತದ ಒಂದು ಪೇಜನ್ನು ತೋರಿಸುತ್ತದೆ. ಪೇಜಿಗೆ 300 ವಿಳಾಸ ಎಂದುಕೊಂಡರೂ ಮೂರೇ ಹಂತದಲ್ಲಿ 2 ಕೋಟಿ 70 ಲಕ್ಷ ದಾಖಲೆ ಮುಟ್ಟಬಹುದು. ‘ಭೂಮಿ’ಯ 2 ಕೋಟಿ ದಾಖಲೆಗಳಾದರೂ ಮೂರು ನಾಲ್ಕು ಪೇಜು ತಿರುವಿದರೆ ಸಾಕು. ಅದರಲ್ಲೂ ಮೇಲಿನ ಹಂತದ ಪೇಜುಗಳು ಎಲ್ಲರಿಗೂ ಬೇಕಾಗುವುದರಿಂದ ಮೆಮೊರಿಯಲ್ಲೇ ಇರುತ್ತವೆ.

ಇಂಡೆಕ್ಸ್ ಕಟ್ಟಿ, ಬಫರಿಗೆ ಸ್ವಲ್ಪ ಜಾಗ ಹೆಚ್ಚಿಸಿದ ಮೇಲೆ ಹಾಲಿನ ಪಾತ್ರೆ ಕೆಳಗಿಡುವುದರೊಳಗೆ ಚೀಟಿ ಬರತೊಡಗಿತು. ಕಮಿಟಿಯವರು ಹೊಸ ಕಂಪ್ಯೂಟರಿನ ಮಾತು ಬಿಟ್ಟರು.

ಕಟ್ಟು ಕಟ್ಟುವ ಕ್ರಮ

ಇಂಡೆಕ್ಸ್ ಇದ್ದರೆ ಎಲ್ಲವೂ ಸಲೀಸು ಎಂದೂ ಅಲ್ಲ. ಕೆ.ಆರ್. ಪೇಟೆಯಲ್ಲಿ ಹಲವು ಸಂಘಗಳ ಲೆಕ್ಕವನ್ನು ಒಂದೇ ಸರ್ವರಿನಲ್ಲಿ ಇಟ್ಟಿರುವ ಒಂದು ಕಡೆ ಬಟವಾಡೆಯ ಪಟ್ಟಿ ತೆಗೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಲ್ಲಿ ಇಂಡೆಕ್ಸ್ ಇತ್ತು, ಎಸ್‌ಎಸ್‌ಡಿ ಇರಲಿಲ್ಲ. ಚೀಟಿಗಳು ಬಂದ ಹೊತ್ತಿನ ಪ್ರಕಾರ ಪೇಜಿನಲ್ಲಿ ಕೂತಿದ್ದವು. ಬೆಳಗ್ಗೆ ಏಳು ಗಂಟೆಗೆ ಹತ್ತಾರು ಊರುಗಳಲ್ಲಿ ಒಟ್ಟೊಟ್ಟಿಗೆ ಹಾಲು ಬೀಳುವುದರಿಂದ ಒಂದೇ ಪೇಜಿನ 80 ಚೀಟಿಗಳು 80 ದಿಕ್ಕಿನವು.

ಲೆಕ್ಕ ಹಾಕಿ ನೋಡಿ. ಒಂದು ಸಂಘದಲ್ಲಿ 200 ಸದಸ್ಯರು, ಹತ್ತು ದಿನಕ್ಕೆ ತಲಾ 20 ಚೀಟಿ, ಒಟ್ಟು 4,000. ಒಟ್ಟಿಗಿದ್ದರೆ ಇವು 50 ಪೇಜಿನಲ್ಲಿ ಮುಗಿಯುತ್ತವೆ. ಚದುರಿದ್ದರೆ 4,000 ಚೀಟಿಗೆ 4,000 ಪೇಜು ತರಬೇಕಾಗಬಹುದು. ತಲಾ 12 ಮಿಲಿಸೆಕೆಂಡಿನಂತೆ 48 ಸೆಕೆಂಡು. ಇಂಥ ನೂರು ಸಂಘಗಳಿದ್ದರೆ 80 ನಿಮಿಷ. ಒಟ್ಟಿಗಿಟ್ಟ 50 ಪೇಜುಗಳಿಗೆ, ಒಂದೊಂದನ್ನೂ ಹುಡುಕಿ ತಂದರೂ, ಒಂದು ಸೆಕೆಂಡು ಬೇಡ.

ಹಾಗಾದರೆ ಒಬ್ಬೊಬ್ಬ ಸದಸ್ಯರ ಚೀಟಿಗಳನ್ನೂ ಒಂದೆಡೆ ಇಟ್ಟರಾಯಿತಲ್ಲ ಎಂದು ತಕ್ಷಣ ಅನಿಸುತ್ತದೆ. ಹಾಗೆ ಮಾಡಿದರೆ ಓದುವುದೇನೋ ಸುಲಭ, ಆದರೆ ಪ್ರತಿ ಬೆಳಗ್ಗೆ 200 ಸದಸ್ಯರ ಹೊಸ ಚೀಟಿಗಳನ್ನು 200 ಬೇರೆ ಬೇರೆ ಪೇಜುಗಳಿಗೆ ಸೇರಿಸಬೇಕು. ಓದುವಾಗ ಉಳಿಸಿದ್ದು ಬರೆಯುವಾಗ ಹೋಗುತ್ತದೆ. ನಾವು ಆರಿಸಿದ್ದು ನಡುವಿನ ದಾರಿ: ಮೊದಲು ಸಂಘ, ಆಮೇಲೆ ತಾರೀಖು, ಆಮೇಲೆ ಹೊತ್ತು, ಕೊನೆಗೆ ಸದಸ್ಯ. ಒಂದು ಸಂಘದ ಒಂದು ಹೊತ್ತಿನ 200 ಚೀಟಿ ಮೂರು ಪೇಜಿನಲ್ಲಿ ಒಟ್ಟಿಗೆ ಕೂರುತ್ತವೆ, ಬರೆಯಲೂ ಮೂರೇ ಪೇಜು. ಹತ್ತು ದಿನದ ಪಟ್ಟಿ ತೆಗೆಯುವಾಗ ಪಕ್ಕಪಕ್ಕದ ಐವತ್ತು ಅರವತ್ತು ಪೇಜುಗಳನ್ನು ಸಾಲಾಗಿ ಓದಿ, ಮೆಮೊರಿಯಲ್ಲೇ ಸದಸ್ಯವಾರು ಬೇರ್ಪಡಿಸಿದರೆ ಮುಗಿಯಿತು.

ಇಂಥ ಆಯ್ಕೆಗಳನ್ನು ಡೇಟಾಬೇಸು ತಾನೂ ಮಾಡುತ್ತದೆ. ಒಂದು ಪ್ರಶ್ನೆಗೆ ಇಂಡೆಕ್ಸ್ ಹಿಡಿದು ಹೋಗಬೇಕೋ, ಇಡೀ ಪಟ್ಟಿ ಓದಬೇಕೋ ಎಂದು ಪ್ರತಿ ಸಲವೂ ಅಂದಾಜು ಹಾಕುತ್ತದೆ. ಆ ಅಂದಾಜು ತಪ್ಪಿದರೆ ಸೆಕೆಂಡಿನ ಕೆಲಸಕ್ಕೆ ಗಂಟೆ ಹಿಡಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಯಂತ್ ಹರಿತ್ಸ ಅವರ ಡೇಟಾಬೇಸ್ ಪ್ರಯೋಗಾಲಯ ಈ ಅಂದಾಜುಗಳ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಡೇಟಾಬೇಸು ಎಲ್ಲೆಲ್ಲಿ ಯಾವ ದಾರಿ ಹಿಡಿಯುತ್ತದೆ ಎಂದು ಬಣ್ಣದ ಚಿತ್ರವಾಗಿ ತೋರಿಸುವ ‘ಪಿಕಾಸೊ’ ಎಂಬ ತಂತ್ರಾಂಶ ಅಲ್ಲಿಂದಲೇ ಬಂದದ್ದು. ಹರಿತ್ಸ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಬರೆಯುವುದರಲ್ಲಿ ನಂಬಿಕೆ ಇದೆ

ಓದುವಾಗ ತಡವಾದರೆ ಕಾಯುವ ಸಂಕಟವಷ್ಟೇ. ಬರೆಯುವುದರಲ್ಲಿ ಎಡವಿದರೆ ಲೆಕ್ಕವೇ ಹೋಗುತ್ತದೆ. ಚೀಟಿ ಅಚ್ಚಾದ ಕ್ಷಣದಲ್ಲಿ ಆ ಮಾಹಿತಿ ಮೆಮೊರಿಯಲ್ಲಿ ಮಾತ್ರ ಇದ್ದು ಕರೆಂಟು ಹೋದರೆ, ಕೈಯಲ್ಲಿರುವ ಚೀಟಿ ಒಂದು ಹೇಳುತ್ತದೆ, ಕಂಪ್ಯೂಟರು ಇನ್ನೊಂದು ಹೇಳುತ್ತದೆ.

ಪ್ರತಿ ಚೀಟಿಗೂ ಅದು ಸೇರಬೇಕಾದ ಪೇಜನ್ನು ಹುಡುಕಿ ಡಿಸ್ಕಿಗೆ ಬರೆದು ಬರುವುದು ಬಹಳ ನಿಧಾನ. ಅದಕ್ಕೆ ಡೇಟಾಬೇಸುಗಳು ಒಂದು ದಾರಿ ಕಂಡುಕೊಂಡಿವೆ. ಏನು ಬದಲಾಯಿತು ಎಂಬುದನ್ನು ಮೊದಲು ಲಾಗ್ ಎಂಬ ಕಡತದ ಕೊನೆಗೆ ಚಿಕ್ಕದಾಗಿ ಬರೆದು, ಅದು ಡಿಸ್ಕು ಮುಟ್ಟಿದ ಮೇಲೆಯೇ ‘ಆಯಿತು’ ಅನ್ನುವುದು. ಲಾಗು ಯಾವಾಗಲೂ ಕೊನೆಗೇ ಸೇರುತ್ತ ಹೋಗುವುದರಿಂದ ಬರವಣಿಗೆ ಸಾಲಾಗಿರುತ್ತದೆ, ಡಿಸ್ಕಿನ ಮುಳ್ಳು ಅಲೆಯಬೇಕಿಲ್ಲ. ಮೆಮೊರಿಯಲ್ಲಿ ತಿದ್ದಿದ ಪೇಜುಗಳನ್ನು ಆಮೇಲೆ ಬಿಡುವಾದಾಗ ಒಟ್ಟಾಗಿ ಬರೆಯಬಹುದು. ನಡುವೆ ಕರೆಂಟು ಹೋದರೆ ಮತ್ತೆ ಬಂದಾಗ ಲಾಗು ಓದಿ ಎಲ್ಲವನ್ನೂ ಸರಿಮಾಡಿಕೊಳ್ಳುತ್ತದೆ. ಈ ವಿಧಾನವನ್ನು ಒಂದು ಶಾಸ್ತ್ರದಂತೆ ಕ್ರಮಪಡಿಸಿದ ‘ಏರೀಸ್’ ಎಂಬ ಪ್ರಬಂಧ ಬಂದದ್ದು 1992ರಲ್ಲಿ. ಐಬಿಎಂನಲ್ಲಿದ್ದ ಸಿ. ಮೋಹನ್ ಅದರ ಮೊದಲ ಲೇಖಕರು, ಮದ್ರಾಸಿನ ಐಐಟಿಯಲ್ಲಿ ಓದಿದವರು. ಇವತ್ತಿಗೂ ಜಗತ್ತಿನ ಬಹುತೇಕ ಡೇಟಾಬೇಸುಗಳ ಬರವಣಿಗೆಯ ಬುನಾದಿ ಇದೇ ತತ್ವ.

ಲಾಗು ಡಿಸ್ಕು ಮುಟ್ಟುವುದಕ್ಕೂ ಹೊತ್ತು ಬೇಕಲ್ಲ. ಸೆಕೆಂಡಿಗೆ 120 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದೊಂದನ್ನೇ ಬರೆದು ಕಾದರೆ ಸೆಕೆಂಡಿಗೆ 120ರ ಆಚೆ ಹೋಗುವುದು ಕಷ್ಟ. ಇದಕ್ಕೂ ಉಪಾಯವಿದೆ. ಒಂದು ಬರವಣಿಗೆ ನಡೆಯುತ್ತಿರುವಾಗ ಬಂದ ಹತ್ತಿಪ್ಪತ್ತು ಚೀಟಿಗಳನ್ನು ಸೇರಿಸಿ ಮುಂದಿನ ಒಂದೇ ಬರವಣಿಗೆಯಲ್ಲಿ ಮುಗಿಸುವುದು. ಯಾರ ಚೀಟಿಯೂ ಡಿಸ್ಕು ಮುಟ್ಟುವ ಮೊದಲು ಅಚ್ಚಾಗುವುದಿಲ್ಲ, ಆದರೂ ಎಲ್ಲರಿಗೂ ಬೇಗ ಸಿಗುತ್ತದೆ. ತಿದ್ದಿದ ಪೇಜುಗಳನ್ನು ಬರೆಯುವುದರಲ್ಲೂ ಇದೇ ಜಾಣ್ಮೆ ಬೇಕು. ಐದೈದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಡಿಸ್ಕಿನ ಮೇಲೆ ಸುರಿದರೆ ಆ ಹೊತ್ತಿಗೆ ಸಾಲಿನಲ್ಲಿದ್ದವರು ನಿಂತುಬಿಡುತ್ತಾರೆ. ಅದನ್ನೇ ಐದು ನಿಮಿಷದುದ್ದಕ್ಕೂ ಹಂಚಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ದಾರಿ ಇದೆ, ಅದು ಮೋಸದ ದಾರಿ. ‘ಡಿಸ್ಕು ಮುಟ್ಟಿತೇ ಎಂದು ಕಾಯಬೇಡ, ಆಯಿತು ಎಂದುಬಿಡು’ ಎಂದು ಡೇಟಾಬೇಸಿಗೆ ಹೇಳುವುದು. ಎಫ್‌ಸಿಂಕ್ ಎಂಬ ಒಂದು ಸಾಲಿನ ಸೆಟ್ಟಿಂಗನ್ನು ಆಫ್ ಮಾಡಿದರೆ ಸಾಕು. ಪರೀಕ್ಷೆಯಲ್ಲಿ ವೇಗದ ಅಂಕಿ ಜಿಗಿಯುತ್ತದೆ, ಮಾಡಿದವನಿಗೆ ಹೊಗಳಿಕೆಯೂ ಸಿಗುತ್ತದೆ.

ನಾಗಮಂಗಲ ತಾಲ್ಲೂಕಿನ ಒಂದು ಡೈರಿಯಲ್ಲಿ ಇದನ್ನು ಯಾರೋ ಮಾಡಿಟ್ಟು ಹೋಗಿದ್ದರು. ಆ ಕಡೆ ಕಾಲುವೆ ನೀರಿಲ್ಲದ ಊರುಗಳೇ ಹೆಚ್ಚು. ಮಳೆ ನಂಬಿದ ರಾಗಿ, ಹುರುಳಿ. ಎರಡು ಹಸುವಿನ ಹಾಲಿನಲ್ಲೇ ಮನೆ ಖರ್ಚು, ಮಕ್ಕಳ ಫೀಸು ನಡೆಯಬೇಕು. ಲೀಟರಿಗೆ ಇಷ್ಟೆಂದು ಸರ್ಕಾರ ಕೊಡುವ ಪ್ರೋತ್ಸಾಹಧನವೂ ಈ ಲೆಕ್ಕದ ಮೇಲೆಯೇ ಬರುವುದು. ಒಂದು ಬೆಳಗ್ಗೆ ಕರೆಂಟು ಹೋಯಿತು, ಯುಪಿಎಸ್‌ನ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟು ಬಂದಾಗ ಕೊನೆಯಲ್ಲಿ ಹಾಲು ಹಾಕಿದ ಕೆಲವರ ಚೀಟಿ ಅವರ ಕೈಯಲ್ಲಿತ್ತು, ಕಂಪ್ಯೂಟರಿನಲ್ಲಿ ಇರಲಿಲ್ಲ. ಕೆಲವು ಪೇಜುಗಳು ಅರ್ಧ ಹೊಸದು ಅರ್ಧ ಹಳೆಯದಾಗಿ ಕೆಟ್ಟಿದ್ದರಿಂದ ಹಿಂದಿನ ದಿನಗಳ ಲೆಕ್ಕವೂ ತೆರೆಯಲಿಲ್ಲ. ಹಿಂದಿನ ಬ್ಯಾಕಪ್ ಹಾಕಿ, ಮನೆಮನೆಯಿಂದ ಚೀಟಿ ತರಿಸಿ, ಒಂದೊಂದಾಗಿ ಮತ್ತೆ ಏರಿಸಬೇಕಾಯಿತು. ಚೀಟಿ ಕಳೆದುಕೊಂಡ ಹೆಂಗಸೊಬ್ಬರು, “ನಾ ಹಾಕಿದ್ ಹಾಲು ಸುಳ್ಳಾ ಹಂಗಾರೆ?” ಎಂದು ಕೇಳಿದರು. ಆ ಪ್ರಶ್ನೆಗೆ ಅಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ.

ಇಷ್ಟಾಗಿ ಆ ಡೈರಿಯಲ್ಲಿ ಒಂದು ನಿಮಿಷಕ್ಕೆ ಹಾಲು ಹಾಕುವವರು ಏಳೆಂಟು ಜನ. ಹಳೆಯ ಡಿಸ್ಕು ಕೂಡ ಅದರ ನೂರಾರು ಪಟ್ಟು ಪ್ರಾಮಾಣಿಕವಾಗಿ ಬರೆಯಬಲ್ಲದು. ಬೇಡವಾದ ವೇಗಕ್ಕಾಗಿ ಬೇಕಾದ ಭದ್ರತೆಯನ್ನು ಬಿಟ್ಟುಕೊಟ್ಟಿದ್ದರು.

ಹೊಸ ಡಿಸ್ಕು, ಹೊಸ ದಾರಿ

1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ನಮ್ಮ ಪಾಂಡವಪುರದ ಡೈರಿಯ ಲೆಕ್ಕಕ್ಕೆ ಅಂಥವು ಹನ್ನೆರಡು ಬೇಕಾಗುತ್ತಿದ್ದವು. ಇವತ್ತಿನ ಎನ್‌ವಿಎಂಇ ಎಸ್‌ಎಸ್‌ಡಿಗಳು ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕವು, ಮತ್ತು ನೂರಾರು ಕೋರಿಕೆಗಳನ್ನು ಒಟ್ಟಿಗೆ ನಡೆಸಬಲ್ಲವು. ಒಂದು ಕೇಳಿ, ಬರುವ ತನಕ ಕಾದು, ಮತ್ತೊಂದು ಕೇಳುವ ಹಳೆಯ ತಂತ್ರಾಂಶದ ಕೈಯಲ್ಲಿ ಅವುಗಳ ಶಕ್ತಿಯ ಬಹುಪಾಲು ಸುಮ್ಮನೆ ಕೂರುತ್ತದೆ.

ಅದಕ್ಕೇ ಈಗಿನ ಪ್ರಯತ್ನವೆಲ್ಲ ಕಾಯದೆ ಕೇಳುವುದರ ಕಡೆಗಿದೆ. ಜೆನ್ಸ್ ಆಕ್ಸ್‌ಬೋ 2019ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಸೇರಿಸಿದ ಐಒ ಯೂರಿಂಗ್ ಎಂಬ ವ್ಯವಸ್ಥೆಯಲ್ಲಿ ಬೇಕಾದ ಪೇಜುಗಳ ಪಟ್ಟಿಯನ್ನು ಒಟ್ಟಿಗೆ ಕೊಟ್ಟು, ಬಂದವುಗಳನ್ನು ಬಂದಂತೆ ಎತ್ತಿಕೊಳ್ಳಬಹುದು. 2025ರ ಸೆಪ್ಟೆಂಬರಿನಲ್ಲಿ ಬಂದ ಪೋಸ್ಟ್‌ಗ್ರೆಸ್ 18 ಈ ಬಗೆಯ ಓದನ್ನು ಅಳವಡಿಸಿಕೊಂಡಿದೆ. ಮುಂದೆ ಬೇಕಾಗುವ ಪೇಜುಗಳನ್ನು ಮೊದಲೇ ಕೇಳಿಟ್ಟು, ಅವು ಬರುವಷ್ಟರಲ್ಲಿ ಕೈಯಲ್ಲಿರುವುದರ ಲೆಕ್ಕ ಮುಗಿಸುತ್ತದೆ.

ಹೊಸ ಸಲಕರಣೆ ಬೇಡವೆಂದು ನಾನು ಹೇಳುವುದಿಲ್ಲ. ಹಳೆಯ ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಣ್ಣ ಸಂಘಕ್ಕೂ ದೊಡ್ಡ ಅನುಕೂಲ. ಕರೆಂಟು ಹೋದ ಕ್ಷಣದಲ್ಲಿ ತನ್ನೊಳಗಿನದನ್ನು ಬರೆದು ಮುಗಿಸುವಷ್ಟು ವಿದ್ಯುತ್ ಕೂಡಿಟ್ಟುಕೊಳ್ಳುವ ಎಸ್‌ಎಸ್‌ಡಿಗಳೂ ಸಿಗುತ್ತವೆ, ಲೆಕ್ಕದ ಕಂಪ್ಯೂಟರಿಗೆ ಅಂಥದ್ದೇ ಒಳ್ಳೆಯದು. ಆದರೆ ದುಡ್ಡು ಬಿಚ್ಚುವ ಮೊದಲು ತಂತ್ರಾಂಶದವರನ್ನು ಕೂರಿಸಿಕೊಂಡು ಕೇಳಿ. ಒಂದು ಚೀಟಿ ಕೊಡಲು ಎಷ್ಟು ಪೇಜು ಓದುತ್ತದೆ? ಇಂಡೆಕ್ಸ್ ಇದೆಯೇ? ಬಫರಿಗೆ ಎಷ್ಟು ಮೆಮೊರಿ ಕೊಟ್ಟಿದ್ದೀರಿ? ಜನ ಸಾಲಿನಲ್ಲಿರುವ ಹೊತ್ತಿನಲ್ಲೇ ದೊಡ್ಡ ವರದಿ ಓಡಿಸುತ್ತಿದ್ದೀರಾ? ಉತ್ತರ ಕೊಡಲು ಅವರಿಗೆ ಅರ್ಧ ದಿನ ಸಾಕು, ನಿಮಗೆ ಉಳಿಯುವುದು ಹೊಸ ಕಂಪ್ಯೂಟರಿನ ದುಡ್ಡು.

ಸಂಘದ ಕಾರ್ಯದರ್ಶಿಗಳಿಗೆ, ಕಮಿಟಿಯವರಿಗೆ, ಈ ತಂತ್ರಾಂಶಗಳನ್ನು ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಎಫ್‌ಸಿಂಕ್ ಆನ್ ಇದೆಯೇ ಎಂದು ಇವತ್ತೇ ನೋಡಿ. ಯುಪಿಎಸ್ ಬ್ಯಾಟರಿ ಬದಲಿಸಿ. ಬ್ಯಾಕಪ್ ತೆಗೆದರೆ ಸಾಲದು, ಅದರಿಂದ ಲೆಕ್ಕ ವಾಪಸು ಬರುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅಚ್ಚಾದ ಚೀಟಿಯ ಹಿಂದೆ ಡಿಸ್ಕಿನಲ್ಲಿ ದಾಖಲೆ ಇಲ್ಲದಿದ್ದರೆ ಅದು ಎಷ್ಟು ಬೇಗ ಬಂದರೂ ಸುಳ್ಳು ಚೀಟಿಯೇ. ಅಂಥ ವೇಗವನ್ನು ಯಾರು ಕೊಡಲು ಬಂದರೂ ಬೇಡವೆನ್ನಿ.